ಬೈತಖೋಲದ ಐಸ್ ಪ್ಲಾಂಟಿನಲ್ಲಿ ಒಂದು ಜ್ವಾಲಾಮುಖಿ

ಜ್ವಾಲಾಮುಖಿಯ ಮೇಲೆ ಕೆಲಸ ಮಾಡಿದವಳು ಎಂದರೆ ಜನ ಒಮ್ಮೆ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಎಲ್ಲಿ ಎಂದು ಕೇಳುತ್ತಾರೆ. ಕಾರವಾರದ ಹತ್ತಿರ, ಬೈತಖೋಲದ ಐಸ್ ಪ್ಲಾಂಟಿನಲ್ಲಿ ಎಂದ ಕೂಡಲೇ ನಗುತ್ತಾರೆ. ನಗಲಿ. ಬಂಗಡೆ ಮೀನಿನ ಪೆಟ್ಟಿಗೆಗಳ ನಡುವೆ ಸ್ಟೂಲು ಹಾಕಿಕೊಂಡು ಕೂತು, ಭೂಮಿಯ ಹೊಟ್ಟೆಯೊಳಗೆ ಶಿಲಾಪಾಕ ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕಿದವಳು ಈ ಕರಾವಳಿಯಲ್ಲಿ ನಾನೊಬ್ಬಳೇ ಇರಬೇಕು. ಕೇಳುವವರಿಗೆ ತಮಾಷೆ. ನನಗೆ ಇಷ್ಟು ವರ್ಷದ ಮೇಲೂ ಹೊಟ್ಟೆ ಉರಿ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷಗಳಾಗಿದ್ದವು. ಕಾರವಾರದ ಒಂದು ಕಾಲೇಜಿನಲ್ಲಿ ನಾನು ಭೂವಿಜ್ಞಾನದ ಹಂಗಾಮಿ ಉಪನ್ಯಾಸಕಿ. ಪ್ರತಿ ಜೂನಿನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು, ಹೊಸಬಳಂತೆ ಬಾಗಿಲ ಹೊರಗೆ ಕಾಯಬೇಕು. ನಮ್ಮ ವಿಭಾಗದ ಹಿರಿಯರೊಬ್ಬರು ನಿವೃತ್ತರಾಗುವುದರಲ್ಲಿದ್ದರು. ಆ ಖಾಯಂ ಹುದ್ದೆಯ ಮೇಲೆ ನನ್ನ ಕಣ್ಣಿತ್ತು, ಸುಳ್ಳೇಕೆ ಹೇಳಲಿ. ಪ್ರಾಂಶುಪಾಲರು ಒಂದು ದಿನ ಕರೆದು ಹೇಳಿದರು: "ನೋಡಿ ಅಕ್ಕೋರೆ, ಆ ಹೊತ್ತಿಗೆ ನಿಮ್ಮ ಕೈಯಲ್ಲಿ ಪಿಎಚ್.ಡಿ. ಇದ್ರೆ ನಾನು ಮಾತಾಡ್ತೆ. ಇಲ್ದಿದ್ರೆ ನನ್ನ ಕೈಯಲ್ಲಿ ಎಂತದೂ ಇಲ್ಲ." ಅಲ್ಲಿಗೆ ನನ್ನ ಬದುಕಿನ ಲೆಕ್ಕವೆಲ್ಲ ಒಂದು ಪದವಿಗೆ ಬಂದು ನಿಂತಿತು.

ದೂರದ ಊರಿನ ವಿಶ್ವವಿದ್ಯಾಲಯವೊಂದರಲ್ಲಿ ನನ್ನ ಮಾರ್ಗದರ್ಶಕರಿದ್ದರು. ಅವರಿಗೆ ಅಂಡಮಾನಿನ ಕಡೆಯ ಒಂದು ಜ್ವಾಲಾಮುಖಿ ದ್ವೀಪದ ಹುಚ್ಚು. ಜನವಸತಿ ಇಲ್ಲದ ದ್ವೀಪ, ಕಾಡು ಮೇಕೆಗಳು ಮಾತ್ರ ಇವೆಯಂತೆ. ಅದು ಆ ವರ್ಷಗಳಲ್ಲಿ ಮತ್ತೆ ಹೊಗೆಯಾಡತೊಡಗಿತ್ತು. ಒಳಗೆ ಶಿಲಾಪಾಕ, ಅಂದರೆ ಕರಗಿದ ಕಲ್ಲು, ತುಂಬಿಕೊಂಡರೆ ಮೇಲಿನ ನೆಲ ಸ್ವಲ್ಪವೇ ಉಬ್ಬುತ್ತದೆ, ಖಾಲಿಯಾದರೆ ತಗ್ಗುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ. ಉಪಗ್ರಹದಿಂದ ತೆಗೆದ ರಾಡಾರ್ ಚಿತ್ರಗಳಲ್ಲಿ ಮಾತ್ರ ಗೊತ್ತಾಗುವಷ್ಟು. ಆ ಉಬ್ಬಿನ ಆಕಾರ ನೋಡಿ ಕೆಳಗಿನ ಪಾಕದ ಆಳವನ್ನೂ ಆಕಾರವನ್ನೂ ಹೇಳಬೇಕು. ಹೊದಿಕೆಯ ಮೇಲಿನ ಉಬ್ಬು ನೋಡಿ ಒಳಗೆ ಮಲಗಿರುವುದು ಬೆಕ್ಕೋ ಕೂಸೋ ಎಂದು ಹೇಳುವ ಕೆಲಸ. ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡುವವರು ಬೇರೆ ಇದ್ದರು. ನನ್ನ ಪಾಲಿಗೆ ಬಂದದ್ದು ಅದನ್ನು ಒಂದು ತೊಟ್ಟಿಯಲ್ಲಿ ಮಾಡಿ ತೋರಿಸುವ ಕೆಲಸ.

ಮಾಡುವ ಕ್ರಮ ಹೇಳುತ್ತೇನೆ. ಜೆಲಾಟಿನ್ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಅಕ್ರಿಲಿಕ್ ತೊಟ್ಟಿಗೆ ಸುರಿಯಬೇಕು. ತಣ್ಣಗಾದರೆ ಅದು ಗಟ್ಟಿಯಾಗಿ ನಡುಗುವ ಹಲ್ವದಂತೆ ಕೂರುತ್ತದೆ. ಅದೇ ಭೂಮಿ. ಸುರಿಯುವ ಮೊದಲೇ ಅದರೊಳಗೆ, ಮೇಲ್ಮೈಯಿಂದ ಒಂದು ಗೇಣು ಆಳದಲ್ಲಿ, ಒಂದು ಸಣ್ಣ ಬಲೂನು ಕಟ್ಟಿಟ್ಟಿರಬೇಕು. ಅದೇ ಶಿಲಾಪಾಕದ ಕೋಣೆ. ಬಲೂನಿಗೆ ಆಸ್ಪತ್ರೆಯ ಸಲೈನ್ ನಳಿಗೆ ಜೋಡಿಸಿ, ಬಾಟಲಿಯನ್ನು ಮೊಳೆಗೆ ನೇತುಹಾಕಿ ನೀರು ಬಿಟ್ಟರೆ ಬಲೂನು ಉಬ್ಬುತ್ತದೆ, ಮೇಲಿನ ಮೈ ಕೂದಲೆಳೆಯಷ್ಟು ಏಳುತ್ತದೆ. ಅದನ್ನು ಅಳೆಯಲು ಜೆಲಾಟಿನ್ ಮೇಲೆ ಸಾಲಾಗಿ ಕನ್ನಡಿ ಚೂರು ಇಡುತ್ತಿದ್ದೆ, ರವಿಕೆಗೆ ಹೊಲಿಯುವ ಕನ್ನಡಿ ಬಿಲ್ಲೆಗಳು, ಟೇಲರ್ ಅಂಗಡಿಯಿಂದ ತಂದವು. ಅವುಗಳ ಮೇಲೆ ಲೇಸರ್ ಟಾರ್ಚಿನ ಬೆಳಕು ಬಿಟ್ಟರೆ ಕೆಂಪು ಚುಕ್ಕೆ ಗೋಡೆಗೆ ಅಂಟಿಸಿದ ಗ್ರಾಫ್ ಹಾಳೆಯ ಮೇಲೆ ಬೀಳುತ್ತದೆ. ಮೈ ಎಳ್ಳಷ್ಟು ವಾಲಿದರೂ ಗೋಡೆಯ ಚುಕ್ಕೆ ಬೆರಳಷ್ಟು ಸರಿಯುತ್ತದೆ. ಯಾವ ಕನ್ನಡಿಯ ಚುಕ್ಕೆ ಹೆಚ್ಚು ಸರಿಯಿತೋ ಅಲ್ಲಿ ನೆಲ ಹೆಚ್ಚು ವಾಲಿದೆ ಎಂದರ್ಥ. ಪುಸ್ತಕದ ನಿಯಮ ಸರಳ: ಒಳಗಿನದು ದುಂಡಗಿದ್ದರೆ, ಅದರ ಆಳ ಎಷ್ಟೋ ಅದರ ಅರ್ಧ ದೂರದಲ್ಲಿ ನೆಲದ ವಾಲು ಅತಿ ಹೆಚ್ಚು. ಒಂದು ಗೇಣು ಆಳವಿದ್ದರೆ ನಡುವಿನಿಂದ ಅರ್ಧ ಗೇಣು ದೂರದ ಕನ್ನಡಿ ಹೆಚ್ಚು ವಾಲಬೇಕು. ಈ ಒಂದು ನಿಯಮ ನೆನಪಿಟ್ಟುಕೊಂಡರೆ ಸಾಕು, ಮುಂದಿನದೆಲ್ಲ ತಿಳಿಯುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಮೊದಲು ಮಾಡಿದೆ. ಕಾರವಾರದ ಸೆಕೆಯಲ್ಲಿ ಜೆಲಾಟಿನ್ ಎಲ್ಲಿ ನಿಲ್ಲುತ್ತದೆ? ಬೆಳಿಗ್ಗೆ ಹಲ್ವ, ಮಧ್ಯಾಹ್ನ ಗಂಜಿ. ಕನ್ನಡಿ ಬಿಲ್ಲೆಗಳು ಒಂದೊಂದಾಗಿ ಮುಳುಗುವುದನ್ನು ತಲೆ ಮೇಲೆ ಕೈ ಹೊತ್ತು ನೋಡಿದೆ. ಜೆಲಾಟಿನ್ ಬಿಟ್ಟು ಚೈನಾಗ್ರಾಸ್ ಹಾಕಿ ನೋಡಿದೆ. ಅದು ಸೆಕೆಗೆ ಕರಗುವುದಿಲ್ಲ ನಿಜ, ಆದರೆ ಬಗ್ಗುವ ಬದಲು ಬಿರಿಯುತ್ತದೆ. ಮನೆಯ ಫ್ರಿಜ್ಜಿನಲ್ಲಿ ತೊಟ್ಟಿ ಹಿಡಿಸಲಿಲ್ಲ. ಹಟ್ಟಿಕೇರಿಯ ನಮ್ಮ ಮನೆಯಲ್ಲಿ ನಾನೂ ಹೆತ್ತ ಆಯಿಯೂ ಇಬ್ಬರೇ. ನೌಕಾನೆಲೆಗೆಂದು ಸರಕಾರ ಚೆಂಡಿಯಾ ಊರಿನ ನಮ್ಮ ಜಾಗ ತೆಗೆದುಕೊಂಡ ಮೇಲೆ ಅಪ್ಪ ಇದ್ದಾಗ ಇಲ್ಲಿ ಬಂದು ಮನೆ ಕಟ್ಟಿದ್ದ. ಅಡುಗೆ ಮನೆಯಲ್ಲಿ ನಾನು ಜೆಲಾಟಿನ್ ಕದಡುವುದನ್ನು ನೋಡಿ ಆಯಿ ಒಮ್ಮೆ ಕೇಳಿದ್ದಳು: "ನೆಲ ಏಳ್ತದೆ ಅಂತ ಕಾಣೂಕೆ ಇಷ್ಟೆಲ್ಲಾ ಬೇಕಾ ತಂಗಿ? ಚೆಂಡಿಯಾದಲ್ಲಿ ನೆಲ ಅಲ್ಲೇ ಇತ್ತು, ನಮ್ಮನ್ನೇ ಎಬ್ಸಿದ್ರು."

ಬೈತಖೋಲದ ಐಸ್ ಪ್ಲಾಂಟು ಹೊಳೆದದ್ದು ಮೀನು ತರಲು ಹೋದಾಗ. ಮೀನಿನ ಬಂದರಿನ ಮಗ್ಗುಲಲ್ಲೇ ಇತ್ತು. ಐಸ್ ಗಡ್ಡೆ ಎಳೆದು ಹಾಕುವ ಜಾಗಕ್ಕಿಂತ ಮೊದಲು ಒಂದು ಸಣ್ಣ ಕೋಣೆ, ಅಲ್ಲಿಯ ಥಂಡಿ ಮೈಗೆ ಹತ್ತುವಂಥದ್ದು. ಪ್ಲಾಂಟು ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಂಗಸು, ಮೀನುಗಾರರ ಮನೆಯವರು, ಬಂದರಿನಲ್ಲಿ ಎಲ್ಲರ ಬಾಯಲ್ಲೂ ಬರೀ "ಬಾಯಿ". ಗಂಡ ತೀರಿಕೊಂಡ ಮೇಲೆ ಟ್ರಾಲರ್ ಬೋಟು ಮಾರಿ ಈ ಪ್ಲಾಂಟು ಹಿಡಿದವರು. ಹೋಗಿ ಸಂಗತಿ ಹೇಳಿದೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪೂರ್ತಿ ಕೇಳಿದರು.

"ಹಂಗಾದ್ರೆ ಇದು ಆದ್ರೆ ನೀವು ಡಾಕ್ಟರ್ ಆಗ್ತ್ರಿ."

"ಹೌದು ಬಾಯಿ. ಮದ್ದು ಕೊಡುವ ಡಾಕ್ಟರ್ ಅಲ್ಲ."

"ಎಂತ ಡಾಕ್ಟರೋ ಒಂದು. ನಮ್ಮ ಐಸಲ್ಲಿ ಮೀನು ಅಷ್ಟೇ ಉಳಿಯೂದು ಅಂದ್ಕಂಡಿದ್ದೆ. ತಕಂಡು ಬನ್ನಿ ನಿಮ್ಮ ತೊಟ್ಟಿ. ಬಾಡಿಗೆ ಗೀಡಿಗೆ ಅಂತ ಬಾಯಿ ತೆಗಿಬೇಡಿ ಮತ್ತೆ."

ಹೀಗೆ ನನ್ನ ಜ್ವಾಲಾಮುಖಿ ಆಟೋದಲ್ಲಿ ಕೂತು ಬೈತಖೋಲಕ್ಕೆ ಹೋಯಿತು. ಚೀಲದ ಮೇಲೆ ಜೆಲಾಟಿನ್ ಎಂದು ಬರೆದದ್ದನ್ನು ಕಂಡು ಬಂದರಿನ ಕಾವಲುಗಾರ ಕಲ್ಲುಕ್ವಾರಿಯ ಸಿಡಿಮದ್ದೆಂದು ತಿಳಿದು ನಿಲ್ಲಿಸಿಕೊಂಡದ್ದೂ ಆಯಿತು. ಬಾಯಿ ಬಂದು ಅವನಿಗೆ ಕೊಂಕಣಿಯಲ್ಲಿ ಮಂಗಳಾರತಿ ಮಾಡಿ ಬಿಡಿಸಿಕೊಂಡು ಹೋದರು.

ಅಲ್ಲಿಯೂ ಸುಖವಿರಲಿಲ್ಲ. ಥಂಡಿ ಏನೋ ಸಿಕ್ಕಿತು, ಆದರೆ ಕಂಪ್ರೆಸರ್ ಓಡಿದರೆ ಇಡೀ ಕಟ್ಟಡ ಗುಂಯ್ಯೆನ್ನುತ್ತದೆ. ಜೆಲಾಟಿನ್ ನಡುಗುತ್ತದೆ, ಗೋಡೆಯ ಮೇಲಿನ ಕೆಂಪು ಚುಕ್ಕೆ ಹುಚ್ಚು ಹಿಡಿದಂತೆ ಕುಣಿಯುತ್ತದೆ. ಹೊರಗೆ ಐಸ್ ಪುಡಿ ಮಾಡುವ ಯಂತ್ರ ಶುರುವಾದರೆ ಮುಗಿದೇ ಹೋಯಿತು. ತೊಟ್ಟಿಯ ಕೆಳಗೆ ಸೈಕಲ್ ಟ್ಯೂಬು ಹಾಕಿ ನೋಡಿದೆ, ಮರಳಿನ ಚೀಲ ಹಾಕಿ ನೋಡಿದೆ. ಕೊನೆಗೆ ಬಾಯಿಯೇ ದಾರಿ ಮಾಡಿದರು. ಕೆಲಸದವರು ಚಾ ಕುಡಿಯುವ ಹೊತ್ತಿಗೆ ಕಂಪ್ರೆಸರ್ ನಿಲ್ಲಿಸಿಬಿಡುತ್ತಿದ್ದರು. ಅಷ್ಟರಲ್ಲಿ ನಾನು ಬಲೂನಿಗೆ ನೀರು ಬಿಟ್ಟು, ಚುಕ್ಕೆಗಳನ್ನೆಲ್ಲ ಗುರುತು ಹಾಕಿಕೊಳ್ಳಬೇಕು. ಕೆಲಸದವರು ಗ್ಲಾಸು ಹಿಡಿದು ಬಾಗಿಲಲ್ಲಿ ನಿಂತು ನೋಡುವರು. ನನ್ನ ಭೂಮಿಗೆ ಅವರಿಟ್ಟ ಹೆಸರು "ಅಕ್ಕೋರ ಹಲ್ವ", ಟೀಚರಮ್ಮನ ಹಲ್ವ. ಅಮೋನಿಯಾ ವಾಸನೆ, ಮೀನಿನ ವಾಸನೆ, ಒದ್ದೆ ಕಾಲು. ಮನೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು.

ಆದರೂ ಕೆಲಸ ಹಿಡಿತಕ್ಕೆ ಬಂತು. ದುಂಡು ಬಲೂನು ಹಾಕಿದಾಗ ಅರ್ಧ ಗೇಣು ದೂರದ ಕನ್ನಡಿಯೇ ಹೆಚ್ಚು ವಾಲಿತು. ಒಂದು ಸಲವಲ್ಲ, ಹಾಕಿದಾಗಲೆಲ್ಲ. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ಗೋಡೆಯ ಮೇಲೆ ಸರಿಯುವುದನ್ನು ನೋಡಿ ನನಗೆ ಆದ ಖುಷಿ ಹೇಳತೀರದು. ಬಾಯಿಗೂ ತೋರಿಸಿದೆ. ಅವರು ನೋಡಿ, "ಚಂದ ಅದೆ" ಎಂದು ಐಸ್ ಗಡ್ಡೆ ಎಣಿಸಲು ಹೋದರು.

ಖುಷಿಯಾಗದವರು ಮಾರ್ಗದರ್ಶಕರು. ಅವರ ದ್ವೀಪದ ಚಿತ್ರಗಳಲ್ಲಿ ಉಬ್ಬು ನಡುವಿನಲ್ಲೇ ಗುಡ್ಡೆಯಾಗಿ ಏಳುತ್ತಿತ್ತು, ಅಂಚಿಗೆ ಹೋಗುವಷ್ಟರಲ್ಲಿ ಸಪ್ಪೆ. ಅದಕ್ಕೆ ಅವರ ವಿವರಣೆ ತಯಾರಿತ್ತು: ಕೆಳಗಿನ ಕೋಣೆ ದುಂಡಗಿಲ್ಲ, ಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸಿದಂತೆ ಇದೆ, ಮತ್ತು ಎಲ್ಲರೂ ಎಣಿಸಿದ್ದಕ್ಕಿಂತ ಮೇಲಕ್ಕಿದೆ. ಇದನ್ನು ಅವರು ಎರಡು ಮೂರು ಸಮ್ಮೇಳನಗಳಲ್ಲಿ ಹೇಳಿಯೂ ಬಿಟ್ಟಿದ್ದರು. ನಾನು ಅದನ್ನು ತೊಟ್ಟಿಯಲ್ಲಿ ತೋರಿಸಬೇಕಿತ್ತು. ಮೊಟ್ಟೆಯಾಕಾರದ ಬಲೂನು ಹಾಕಿದೆ. ಅಡ್ಡ ಹಾಕಿದೆ, ಉದ್ದ ಹಾಕಿದೆ. ಅವರು ಹೇಳಿದಷ್ಟು ನಡುವಿಗೆ ವಾಲು ಬರಲೇ ಇಲ್ಲ. ಫೋನು ಮಾಡಿದಾಗಲೆಲ್ಲ ಒಂದೇ ಮಾತು: "ನಿಮ್ಮ ಕೈಯಲ್ಲಿ ಏನೋ ತಪ್ಪಾಗ್ತಿದೆ. ಮತ್ತೆ ಮಾಡಿ." ಮೇ ತಿಂಗಳು ಬಂತು. ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾದರೆ ಐಸಿಗೆ ಗಿರಾಕಿ ಇಲ್ಲ, ಪ್ಲಾಂಟು ಬಂದ್. ಆಮೇಲೆ ಹುಡುಕಿದರೂ ನನಗೆ ಥಂಡಿ ಕೋಣೆ ಸಿಗುವುದಿಲ್ಲ, ಹುದ್ದೆಯ ಸಂದರ್ಶನವೂ ಹತ್ತಿರ.

ಆ ವಾರ ನನಗೆ ಅಂಕೋಲೆಯ ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆ ಬಿತ್ತು. ಮೊಟ್ಟೆಯ ಬಲೂನು ಹಾಕಿ ಹೊಸದಾಗಿ ಜೆಲಾಟಿನ್ ಸುರಿದು, ಕನ್ನಡಿಗಳನ್ನು ಜೋಡಿಸಿ ಹೋಗಿದ್ದೆ. ಮಧ್ಯಾಹ್ನ ಗಾಳಿಮಳೆ ಎದ್ದಿತು. ಹೆದ್ದಾರಿಗೆ ಮರ ಬಿದ್ದು ಬಸ್ಸುಗಳು ನಿಂತವು, ತಾಲ್ಲೂಕಿನಲ್ಲೆಲ್ಲ ಕರೆಂಟು ಹೋಯಿತು. ಬಾಯಿಗೆ ಫೋನು ಮಾಡಿದೆ.

"ಇಲ್ಲೂ ಇಲ್ರಾ ಕರೆಂಟು," ಎಂದರು. "ಕಂಬವೇ ಬಿದ್ದದ್ಯಂತೆ."

"ಬಾಯಿ, ನನ್ನ ತೊಟ್ಟಿ..."

"ನೀವು ತಲೆಬಿಸಿ ಮಾಡ್ಕಬೇಡಿ ಅಕ್ಕೋರೆ. ನಾ ಇದ್ದೆ ಅಲ್ಲಾ. ನಿಮ್ಮ ಹಲ್ವ ಕರಗೂಕೆ ಬಿಡ್ತ್ನಾ ನಾನು?"

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಕರೆಂಟು ಇನ್ನೂ ಬಂದಿರಲಿಲ್ಲ. ಹೊರಗೆ ಬೋಟಿನವರು ಐಸಿಗಾಗಿ ಕೂಗಾಡುತ್ತಿದ್ದರು. ಒಳಗೆ ನನ್ನ ತೊಟ್ಟಿಯನ್ನು ಮೀನಿನ ದೊಡ್ಡ ಫೈಬರ್ ಟಬ್ಬಿನಲ್ಲಿ ಇಳಿಸಿ, ಸುತ್ತ ಐಸ್ ಪುಡಿ ತುಂಬಿ, ಮೇಲೆ ಗೋಣಿ ಹೊದಿಸಿ ಕಟ್ಟಿಟ್ಟಿದ್ದರು. ಬಾಯಿಯ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ನಡುವೆ ಚುಚ್ಚಿದ್ದ ಥರ್ಮಾಮೀಟರ್ ನೋಡಿದೆ, ಎಷ್ಟಿರಬೇಕೋ ಅಷ್ಟೇ ಇತ್ತು. ಮೈ ಕನ್ನಡಿಯಂತೆ ಸಪಾಟು. ಕರೆಂಟಿಲ್ಲದ್ದರಿಂದ ಕಂಪ್ರೆಸರ್ ಗುಂಯ್ಗುಡುವಿಕೆಯೂ ಇಲ್ಲ. ಇಷ್ಟು ನಿಶ್ಶಬ್ದ ನನಗೆ ಆ ಕೋಣೆಯಲ್ಲಿ ಎಂದೂ ಸಿಕ್ಕಿರಲಿಲ್ಲ. ಗೋಣಿ ಪೂರ್ತಿ ಬಿಚ್ಚದೆ, ಆ ಮಬ್ಬಿನಲ್ಲೇ ಕನ್ನಡಿ ಸಾಲಿನ ಮೇಲಿನಷ್ಟು ಮಾತ್ರ ಸರಿಸಿ ಸಲೈನ್ ಬಿಟ್ಟೆ.

ಚುಕ್ಕೆಗಳು ಸರಿದವು. ಹೆಚ್ಚು ಸರಿದದ್ದು ಅರ್ಧ ಗೇಣು ದೂರದ್ದಲ್ಲ, ಅದಕ್ಕಿಂತ ಬಹಳ ಒಳಗಿನದು. ಅಂಚಿನ ಕನ್ನಡಿಗಳು ಕದಲಲೇ ಇಲ್ಲ. ಮಾರ್ಗದರ್ಶಕರು ಬೇಕೆಂದದ್ದು ಹಾಗೆಹಾಗೇ ಗೋಡೆಯ ಮೇಲೆ ಬಂದು ನಿಂತಿತ್ತು. ಒಂದೊಂದಾಗಿ ಗುರುತು ಹಾಕಿದೆ. ಹೊರಗೆ ಬಂದು ಅವರಿಗೆ ಫೋನು ಮಾಡಿದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮನುಷ್ಯ ನಕ್ಕದ್ದು ಕೇಳಿಸಿತು. "ನೋಡಿದ್ರಾ? ನಾನು ಹೇಳಿರಲಿಲ್ವಾ? ಸಮ್ಮೇಳನಕ್ಕೆ ಸಾರಾಂಶ ಕಳಿಸೋಕೆ ಇವತ್ತೇ ಕೊನೆ. ಅಂಕಿಗಳನ್ನು ಈಗಲೇ ಇ-ಮೇಲ್ ಮಾಡಿ." ಕರೆಂಟಿದ್ದ ಸೈಬರ್ ಕೆಫೆಯೊಂದನ್ನು ಹುಡುಕಿಕೊಂಡು ಹೋಗಿ ಕಳಿಸಿದೆ.

ತಿರುಗಿ ಬಂದು ತೊಟ್ಟಿ ಬಿಚ್ಚಲು ಕೂತೆ. ಗೋಣಿ ಎಳೆದಾಗ ಟಬ್ಬಿನ ನೀರು ಮುಖಕ್ಕೆ ಹಾರಿತು. ತುಟಿಗೆ ಉಪ್ಪಾಯಿತು. ಬಂದರಿನಲ್ಲಿ ಯಾವುದು ಉಪ್ಪಲ್ಲ ಎಂದುಕೊಂಡು ಒರೆಸಿಕೊಂಡೆ. ಆಮೇಲೆ ತೊಟ್ಟಿಯ ಗೋಡೆ ಕಂಡಿತು. ಒಳಗೆ ಅಂಚಿನ ಸುತ್ತ ಮೂರು ಬೆರಳಗಲ ಜೆಲಾಟಿನ್ ಬೆಳ್ಳಗೆ ಮರಗಟ್ಟಿತ್ತು. ಉಗುರು ಚುಚ್ಚಿದರೆ ಇಳಿಯಲಿಲ್ಲ. ನಡುವೆ ಮೆತ್ತಗಿನ ಹಲ್ವ, ಸುತ್ತ ಕಲ್ಲಿನಂಥ ಬಳೆ.

"ಬಾಯಿ, ಈ ಐಸಿಗೆ ಎಂತ ಹಾಕಿದ್ರಿ?"

"ಉಪ್ಪು," ಎಂದರು ಬಾಯಿ. ಐಸ್ ಪ್ಲಾಂಟಿನವರಿಗೆ ಇದನ್ನು ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಪ್ಲಾಂಟು ನಡೆಯುವುದೇ ಉಪ್ಪುನೀರಿನ ಥಂಡಿಯಿಂದ. ಬರೀ ಐಸಿಗಿಂತ ಉಪ್ಪು ಬೆರೆತ ಐಸು ಹೆಚ್ಚು ಕೊರೆಯುತ್ತದೆ. "ಸಾಣಿಕಟ್ಟೆ ಉಪ್ಪು ಮೂಟೆ ಇತ್ತಲಾ, ಅದ್ನೇ ಹಾಕ್ದೆ. ರಾತ್ರೆ ಇಡೀ ಹಾಕ್ತಾ ಕೂತಿದ್ದೆ. ಬೋಟಿನವ್ರು ಐಸ್ ಕೇಳ್ಕಂಡು ಬಂದ್ರೆ, ಇದ್ನ ಮುಟ್ಟೂದಿಲ್ಲ, ಇದು ಅಕ್ಕೋರ ಡಾಕ್ಟರ್ಕಿ ಅಂದೆ. ಹಾಳಾಗ್ಲಿಲ್ಲ ಅಲ್ಲಾ?"

"ಇಲ್ಲ ಬಾಯಿ," ಎಂದೆ. ಬೇರೆ ಏನು ಹೇಳಬೇಕಿತ್ತು? ತನ್ನ ಗಿರಾಕಿಗಳನ್ನು ಬರಿಗೈಯಲ್ಲಿ ಕಳಿಸಿ ನನ್ನ ತೊಟ್ಟಿಯ ಮುಂದೆ ಕೂತ ಹೆಂಗಸಿಗೆ, ನೀವು ಹಾಕಿದ ಉಪ್ಪಿನಿಂದ ನನ್ನ ಭೂಮಿ ಕೆಟ್ಟಿತು ಎಂದು ಹೇಳುವ ನಾಲಗೆ ನನಗಿರಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಯೋಚಿಸಿದೆ. ಸುತ್ತಲಿನ ಗಟ್ಟಿ ಬಳೆ ಏಳಲು ಒಪ್ಪುವುದಿಲ್ಲ, ಹಾಗಾಗಿ ಉಬ್ಬೆಲ್ಲ ನಡುವಿನಲ್ಲೇ ಗುಡ್ಡೆಯಾಗುತ್ತದೆ. ಮೊಟ್ಟೆಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ನಿಜವೇ ಎಂದು ಪರೀಕ್ಷಿಸಲು ನಿಷೇಧ ಶುರುವಾಗುವ ಮೊದಲು ಉಳಿದ ದಿನಗಳನ್ನೆಲ್ಲ ಸುರಿದೆ. ಉಪ್ಪಿಲ್ಲದೆ ಮೊಟ್ಟೆಯ ಬಲೂನು: ವಾಲು ಹಿಂದಿನ ಜಾಗಕ್ಕೇ ಹೋಯಿತು. ಉಪ್ಪು ಹಾಕಿ ದುಂಡು ಬಲೂನು: ವಾಲು ನಡುವಿಗೆ ಬಂತು. ಮತ್ತೆ ಉಪ್ಪಿಲ್ಲದೆ, ಮತ್ತೆ ಉಪ್ಪು ಹಾಕಿ. ಪ್ರತಿ ಸಲವೂ ಉಪ್ಪಿನದೇ ಆಟ. ಪುಸ್ತಕದ ನಿಯಮ ಹಿಡಿದು ಲೆಕ್ಕ ಹಾಕಿದರೆ ಒಂದು ಗೇಣು ಆಳದಲ್ಲಿದ್ದ ಬಲೂನು ಅರ್ಧ ಗೇಣಿನ ಆಳದಲ್ಲಿದೆ ಎಂದು ಉತ್ತರ ಬರುತ್ತಿತ್ತು. ಅಷ್ಟು ಹಸಿ ಸುಳ್ಳು. ಆಗ ಇನ್ನೊಂದು ಹೊಳೆಯಿತು. ಆ ದ್ವೀಪದ ಫೋಟೋ ನನ್ನ ಮೇಜಿನ ಮೇಲೆ ವರ್ಷಗಳಿಂದ ಇತ್ತು. ಹೊಗೆಯಾಡುವ ಸಣ್ಣ ಗುಡ್ಡದ ಸುತ್ತ ಹಳೆಯ ಜ್ವಾಲಾಮುಖಿಯ ಗಟ್ಟಿ ಕಲ್ಲಿನ ಗೋಡೆ, ಬಳೆಯಂತೆ. ಅಲ್ಲಿಯೂ ಗೋಡೆಯೇ ಉಬ್ಬನ್ನು ನಡುವಿಗೆ ತಳ್ಳುತ್ತಿರಬಾರದೇಕೆ? ಹಾಗಾದರೆ ಪಾಕ ಮೇಲಕ್ಕಿಲ್ಲ, ಮೊದಲೆಣಿಸಿದ ಆಳದಲ್ಲೇ ಇದೆ. ಬಾಯಿಯ ಉಪ್ಪು ನನ್ನ ಪ್ರಯೋಗ ಕೆಡಿಸಿತ್ತು ನಿಜ, ಅದಕ್ಕಿಂತ ದೊಡ್ಡದೊಂದನ್ನು ಕೈಗೂ ಕೊಟ್ಟಿತ್ತು.

ಪ್ಲಾಂಟು ಮುಚ್ಚಿದ ಮರುದಿನವೇ ಮಾರ್ಗದರ್ಶಕರಲ್ಲಿಗೆ ಹೋದೆ. ಅವರ ಕೋಣೆಯ ಕರಿಹಲಗೆಯ ಮೇಲೆ ತೊಟ್ಟಿ ಬರೆದು, ಬಳೆ ಬರೆದು, ಪಕ್ಕದಲ್ಲಿ ದ್ವೀಪ ಬರೆದು ತೋರಿಸಿದೆ. ಅವರು ದಡ್ಡರಲ್ಲ. ಒಂದೇ ನೋಟಕ್ಕೆ ತಿಳಿಯಿತು. ಬಳೆ ಎಷ್ಟು ಅಗಲವಿತ್ತು ಎಂದು ಕೇಳಿದರು. ನಡುವಿನದಕ್ಕಿಂತ ಎಷ್ಟು ಪಾಲು ಗಟ್ಟಿ ಇದ್ದೀತು ಎಂದು ಕೇಳಿದರು. ಹೇಳಿದೆ.

"ಗೋಡೆಯ ವಿಷಯ ಈಗ ಬೇಡ," ಎಂದರು. "ಸಾರಾಂಶ ಹೋಗಿಯಾಗಿದೆ. ಮೊಟ್ಟೆಯ ಅಧ್ಯಾಯ ಬರೆದು ಕೊಡಿ. ಮೂರು ತಿಂಗಳಲ್ಲಿ ನಿಮ್ಮ ಪ್ರಬಂಧ ಹೋಗುತ್ತೆ."

"ಸರ್, ಅದು ಉಪ್ಪು ಹಾಕಿದ್ರೆ ಮಾತ್ರ ಬರ್ತದೆ. ಉಪ್ಪಿಲ್ಲದೆ ಬರೂದಿಲ್ಲ. ಹಾಗಾದ್ರೆ ಅದು ಮೊಟ್ಟೆಯ ಗುಣ ಅಲ್ಲ."

"ಪ್ರಯೋಗ ಅಂದ್ಮೇಲೆ ನೂರು ತೊಂದರೆ ಇರ್ತವೆ. ಎಲ್ಲವನ್ನೂ ಬರೀತಾ ಕೂರೋಕಾಗುತ್ತಾ? ಮೀನಿನ ಐಸಿಗೆ ಯಾರೋ ಉಪ್ಪು ಹಾಕಿದ್ರು ಅಂತ ಬರೆದ್ರೆ ಪರೀಕ್ಷಕರು ಬಿದ್ದು ನಗ್ತಾರೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ನಿಮಗೆ ಹುದ್ದೆ ಬೇಕೋ ಬೇಡ್ವೋ?"

ಬೇಕಿತ್ತು. ಎಷ್ಟು ಬೇಕಿತ್ತು ಎಂದು ಅವರಿಗೂ ಗೊತ್ತಿತ್ತು. ಇದೇನೂ ಜೀವ ಹೋಗುವ ಸಂಗತಿಯಲ್ಲ, ಅದೂ ನನಗೆ ಗೊತ್ತಿತ್ತು. ಆಳ ತಪ್ಪು ಬರೆದರೆ ಆ ದ್ವೀಪದಲ್ಲಿ ಒಂದು ಮೇಕೆಯೂ ಸಾಯುವುದಿಲ್ಲ. ಆದರೆ ಚೆಂಡಿಯಾದಲ್ಲಿ ನಮ್ಮ ತೋಟ ಅಳೆಯಲು ಬಂದವನೊಬ್ಬ ಬಾವಿಯನ್ನು ಗೆರೆಯ ಆಚೆ ಬರೆದುಕೊಂಡು ಹೋಗಿದ್ದ. ಇದ್ದ ಬಾವಿ ಕಾಗದದಲ್ಲಿ ಇಲ್ಲವಾಯಿತು, ಅದಕ್ಕೆ ಪರಿಹಾರವೂ ಸಿಗಲಿಲ್ಲ. ಅಪ್ಪ ಸಾಯುವವರೆಗೂ ಕಂಡ ಕಂಡವರಿಗೆಲ್ಲ ಆ ಬಾವಿಯ ಮಾತನ್ನೇ ಹೇಳುತ್ತಿದ್ದ: "ಕಟ್ಟೆ ಮೇಲೆ ನಿತ್ಕಂಡೇ ಬಾವಿ ಇಲ್ಲ ಅಂತ ಬರೆದ ಮಾರಾಯ." ನಾನೂ ಅಳೆಯುವವಳೇ ಆಗಿದ್ದೆ ಈಗ. ಆ ಮಾತು ಕಿವಿಯಲ್ಲಿ ಕೂತಿದ್ದಕ್ಕೆ ನನ್ನದೇನೂ ಹೆಚ್ಚುಗಾರಿಕೆ ಇಲ್ಲ.

"ಆ ಅಧ್ಯಾಯ ನಾನು ಬರೆಯುವುದಿಲ್ಲ ಸರ್," ಎಂದೆ. "ಗೋಡೆಯದ್ದಾದರೆ ಬರೆಯುತ್ತೇನೆ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು. "ಯೋಚನೆ ಮಾಡಿ ಬನ್ನಿ" ಎಂದು ಕನ್ನಡಕ ಒರೆಸಿಕೊಂಡರು. ಅಂದಿನಿಂದ ನನ್ನ ಫೋನು ಎತ್ತುವುದನ್ನು ಬಿಟ್ಟರು. ಗೋಡೆಯ ಅಧ್ಯಾಯ ಬರೆದು ಕಳಿಸಿದೆ, ಉತ್ತರವಿಲ್ಲ. ಹೋದೆ, ಸಭೆಯಲ್ಲಿದ್ದಾರೆ. ಮತ್ತೆ ಹೋದೆ, ಊರಿನಲ್ಲಿಲ್ಲ. ಅಷ್ಟರಲ್ಲಿ ಕಾಲೇಜಿನ ಸಂದರ್ಶನ ಮುಗಿಯಿತು. ಹುದ್ದೆ ಪದವಿ ಇದ್ದವರೊಬ್ಬರಿಗೆ ಹೋಯಿತು. ಅವರು ಒಳ್ಳೆಯವರೇ, ಅವರ ಮೇಲೆ ನನಗೇನೂ ಇಲ್ಲ. ಹಂಗಾಮಿ ಕೆಲಸಕ್ಕೂ ಮುಂದಿನ ಜೂನಿನಲ್ಲಿ ಜಾಗವಿರಲಿಲ್ಲ. ಮನೆಗೆ ಬಂದು ಆಯಿಗೆ ಹೇಳಿದೆ. ಅವಳು ಕೇಳಿದಳು, "ಅವ್ರು ಹೇಳ್ದಂಗೆ ಬರ್ಕೊಟ್ಟಿದ್ರೆ ಎಂತ ಆಗ್ತಿತ್ತು ತಂಗಿ?"

ಇಷ್ಟಕ್ಕೇ ಮುಗಿದಿದ್ದರೆ ಹಣೆಬರಹ ಎಂದುಕೊಂಡು ಕೂರುತ್ತಿದ್ದೆ. ಅಂಕೋಲೆಯ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತ ಎರಡು ವರ್ಷ ಕಳೆದಿರಬೇಕು. ಹಳೆಯ ಸಹಪಾಠಿಯೊಬ್ಬಳು ಒಂದು ಸಂಶೋಧನಾ ಲೇಖನದ ಪ್ರತಿ ಕಳಿಸಿದಳು, ನಿನ್ನ ವಿಷಯವೇ ಎಂದು. ನನ್ನ ವಿಷಯವೇ ಆಗಿತ್ತು. ಜೆಲಾಟಿನ್ ತೊಟ್ಟಿ, ಸುತ್ತ ಗಟ್ಟಿ ಬಳೆ, ನಡುವಿಗೆ ಸರಿದ ಉಬ್ಬು, ದ್ವೀಪದ ಹಳೆಯ ಕಲ್ಲಿನ ಗೋಡೆ, ಪಾಕ ಅಂದುಕೊಂಡಷ್ಟು ಮೇಲಿಲ್ಲ ಎಂಬ ತೀರ್ಮಾನ. ಮೊಟ್ಟೆಯ ಸುದ್ದಿಯೇ ಇಲ್ಲ. ಪ್ರಯೋಗವನ್ನು ವಿಶ್ವವಿದ್ಯಾಲಯದ ಹೊಸ ಶೀತಲ ಕೋಣೆಯಲ್ಲಿ ಮಾಡಿದ್ದರು, ಬಳೆಯನ್ನು ಹೆಚ್ಚು ಜೆಲಾಟಿನ್ ಬೆರೆಸಿ ಚೊಕ್ಕವಾಗಿ ಎರಕ ಹೊಯ್ದಿದ್ದರು. ಮಾರ್ಗದರ್ಶಕರ ಹೆಸರು, ಹೊಸ ವಿದ್ಯಾರ್ಥಿಯೊಬ್ಬನ ಹೆಸರು. ನಾನು ಹಲಗೆಯ ಮೇಲೆ ಬರೆದ ಚಿತ್ರ ಅಚ್ಚಾಗಿ ಅಲ್ಲಿತ್ತು, ಬಳೆಯ ಅಗಲವೂ ಅದೇ ಮೂರು ಬೆರಳಿನ ಅಳತೆ, ಸೆಂಟಿಮೀಟರಿನಲ್ಲಿ. ಉಪ್ಪು ಹಾಕಿದವರು ಯಾರೋ, ತಿಂದವರು ಯಾರೋ, ನೀರು ಕುಡಿದವಳು ಮಾತ್ರ ನಾನು. ಆ ಲೇಖನದಲ್ಲಿ ಒಂದಕ್ಷರವೂ ತಪ್ಪಿಲ್ಲ. ಸಂಕಟವಾಗುವುದು ಅದಕ್ಕೇ. ಸುಳ್ಳಿದ್ದರೆ ಬೈಯಬಹುದಿತ್ತು.

ಬೈತಖೋಲದ ಕಡೆ ಹೋಗುವುದನ್ನು ಬಿಟ್ಟಿದ್ದೆ. ಆಯಿಗೆ ಇಸ್ವಾಣ ಮೀನು ತಿನ್ನುವ ಆಸೆಯಾಗಿ ಒಂದು ಭಾನುವಾರ ಹೋಗಬೇಕಾಯಿತು. ಹರಾಜು ನಡೆಯುತ್ತಿತ್ತು. ಗುಂಪಿನ ಆಚೆಯಿಂದ ಬಾಯಿ ನನ್ನನ್ನು ಕಂಡು ಕೈ ಬೀಸಿ ಕರೆದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಸೆರಗು ಮಾತ್ರ ಸೊಂಟದಲ್ಲೇ ಇತ್ತು.

"ಡಾಕ್ಟರ್ ಅಕ್ಕೋರು ಬಂದ್ರು, ದಾರಿ ಬಿಡಿ," ಎಂದರು ಮೀನು ಮಾರುವವರಿಗೆ.

"ಬಾಯಿ, ನಾನು ಡಾಕ್ಟರ್..." ಎಂದು ಶುರು ಮಾಡಿದೆ.

ಅವರಿಗೆ ಕೇಳಿಸಲಿಲ್ಲ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸರಿಗೆಲ್ಲ ಹೇಳುತ್ತಿದ್ದರು: "ನಮ್ಮ ಐಸಲ್ಲೇ ಡಾಕ್ಟರ್ ಆದವ್ರು ಇವ್ರು. ಆ ದಿನ ಗಾಳಿಗೆ ಕರೆಂಟ್ ಹೋದಾಗ ಉಪ್ಪು ಹಾಕಿ ಉಳ್ಸದ್ದು ಯಾರು ಅಂದ್ಕಂಡ್ರಿ? ನಾನು. ಒಂದು ಮೂಟೆ ಪೂರಾ. ಅಲ್ಲನ್ರಾ ಅಕ್ಕೋರೆ?"

ಎಲ್ಲರೂ ನನ್ನ ಮುಖ ನೋಡಿದರು. ಬಾಯಿಯೂ ನೋಡಿದರು, ಆ ದಿನ ಹಾಳಾಗಲಿಲ್ಲ ಅಲ್ಲಾ ಎಂದು ಕೇಳಿದ್ದ ಅದೇ ಕಣ್ಣು.

"ಹೌದು," ಎಂದೆ. "ಬಾಯಿಯೇ ಉಳಿಸಿದ್ದು."

ಬಾಯಿ ಇಸ್ವಾಣವೊಂದನ್ನು ಆರಿಸಿ, ಮೇಲೆ ಒಂದು ಹಿಡಿ ಐಸ್ ಪುಡಿ ಹಾಕಿ ನನ್ನ ಚೀಲಕ್ಕೆ ಇಳಿಸಿದರು. ಬುಟ್ಟಿಯ ಹೆಂಗಸರಲ್ಲಿ ಒಬ್ಬ ಮುದುಕಿ ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ ಊದಿದ ಕಾಲು ತೋರಿಸಿದಳು. "ಡಾಕ್ಟ್ರಬಾಯಿ, ಈ ನೋವಿಗೆ ಎಂತ ಮಾಡೂದು ಹೇಳಿ. ಐಸಲ್ಲಿ ನಿತ್ ನಿತ್ ಹೀಂಗಾಗದೆ."

ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಮೊಣಕಾಲನ್ನು ಮುಟ್ಟಿ ನೋಡಿದೆ.

"ಬಿಸಿನೀರಿಗೆ ಒಂದು ಮುಷ್ಟಿ ಉಪ್ಪು ಹಾಕಿ ಕಾವು ಕೊಡಿ," ಎಂದೆ.